ಸಿಸ್ಟರ್ ಹತ್ರ ಕೇಳಿ: ಅವ್ವ ಊಟ ಬಿಟ್ಟಿದ್ದಾರೆ, ಪೈಪ್ ಹಾಕಿಸಲಾ?

ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಪಾಲು ವೃದ್ಧಾಶ್ರಮದಲ್ಲಿರುವ ಹಿರಿಯರ ಕೊನೆಯ ದಿನಗಳ ಬಗ್ಗೆಯೇ. ಆಶ್ಚರ್ಯ ಇಲ್ಲ. ಕೊಡಗಿನಲ್ಲಿ ದೊಡ್ಡ ಮನೆ ಇದೆ, ಕಣ ಇದೆ, ತೋಟ ಇದೆ. ಒಳಗೆ ಇರುವುದು ಇಬ್ಬರು ವಯಸ್ಸಾದವರು, ಎಷ್ಟೋ ಕಡೆ ಒಬ್ಬರೇ. ಮಕ್ಕಳು ಬೆಂಗಳೂರು, ದುಬೈ, ಕೆನಡಾ. ಆಶ್ರಮ ಅಂದರೆ ಮೂಗು ಮುರಿಯುವ ಕಾಲ ಹೋಯಿತು. ಆದರೆ ಸೇರಿಸುವ ದಿನ ಬಿಸಿನೀರು ಬರುತ್ತಾ, ಮೀನು ಮಾಂಸ ಕೊಡ್ತೀರಾ, ತಿಂಗಳಿಗೆ ಎಷ್ಟು ಅಂತೆಲ್ಲ ಕೇಳುವ ನಾವು ಒಂದು ಮಾತು ಬಿಟ್ಟುಬಿಡುತ್ತೇವೆ: ಕೊನೆಗಾಲದಲ್ಲಿ ಇಲ್ಲಿ ಹೇಗೆ ನೋಡಿಕೊಳ್ಳುತ್ತೀರಿ? ನರ್ಸ್ ಆಗಿದ್ದಷ್ಟು ಕಾಲ ಇದನ್ನು ಬಾಯಿ ಬಿಟ್ಟು ಕೇಳಿದವರನ್ನು ನಾನು ನೋಡಿದ್ದು ತೀರಾ ಅಪರೂಪ.

ನಮ್ಮ ಅವ್ವನಿಗೆ 86. ಮರೆವಿನ ಕಾಯಿಲೆ. ಕುಶಾಲನಗರದ ಹತ್ತಿರ ಒಂದು ಆಶ್ರಮದಲ್ಲಿದ್ದಾರೆ. ಮಾತು ನಿಂತು ತುಂಬಾ ದಿನ ಆಯ್ತು, ಎದ್ದು ಕೂರುವುದೂ ಇಲ್ಲ. ಎರಡು ವಾರದಿಂದ ಬಾಯಿಗೆ ಏನು ಇಟ್ಟರೂ ಮುಖ ತಿರುಗಿಸುತ್ತಾರೆ. ಅಣ್ಣ ಬೆಂಗಳೂರಿನಿಂದ ಫೋನ್ ಮಾಡಿ, ಮೂಗಿಗೆ ಪೈಪ್ ಹಾಕಿಸು, ಇಲ್ಲಾಂದ್ರೆ ಮೈಸೂರಿಗೆ ಕರೆದುಕೊಂಡು ಹೋಗಿ ಅಡ್ಮಿಟ್ ಮಾಡು ಅಂತಾನೆ. ನನಗೆ ಮನಸ್ಸಿಲ್ಲ. ಆದರೆ ಹಸಿವಿನಲ್ಲಿ ಸಾಯಿಸಿದ ಹಾಗಾಗಲ್ವಾ ಸಿಸ್ಟರ್?
ಓದುಗರು, ಪೊನ್ನಂಪೇಟೆ

ಆಗಲ್ಲ ತಂಗಿ. ಮೊದಲು ಈ ಮಾತು ಹೇಳಿಬಿಟ್ಟು ಮಿಕ್ಕಿದ್ದಕ್ಕೆ ಬರುತ್ತೇನೆ.

ಪೈಪಿಗಿಂತ ಮುಂಚೆ ಡಾಕ್ಟರಿಗೆ ಒಂದು ಸಲ ಸರಿಯಾಗಿ ನೋಡಲು ಹೇಳಿ. ಟಾರ್ಚ್ ಹಿಡಿದು ಬಾಯಿಯೊಳಗೆ ನೋಡಬೇಕು. ನಾಲಿಗೆ ಮೇಲೆ, ಕೆನ್ನೆ ಒಳಗೆ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು, ಔಷಧಿಗೆ ಬಗ್ಗುತ್ತದೆ. ಹಲ್ಲಿನ ಸೆಟ್ ಸಡಿಲವಾಗಿ ವಸಡು ಹುಣ್ಣಾಗಿದೆಯಾ? ಕಕ್ಕಸಿಗೆ ಹೋಗಿ ಎಷ್ಟು ದಿನ ಆಯ್ತು? ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದಾರಾ? ಮೂತ್ರದಲ್ಲಿ ಇನ್ಫೆಕ್ಷನ್ ಇದೆಯಾ? ಮಾತು ಹೋದವರು ಬಾಯಿ ಉರಿಯುತ್ತಿದೆ ಅಂತ ಹೇಳಲಾರರು. ಮುಖ ತಿರುಗಿಸುತ್ತಾರೆ, ಅಷ್ಟೇ.

ಇಷ್ಟೆಲ್ಲ ನೋಡಿಯೂ ಬೇರೆ ಕಾರಣ ಸಿಗದಿದ್ದರೆ, ಇದು ಕಾಯಿಲೆಯ ಕೊನೆಯ ಹಂತ ಅಂತ ಡಾಕ್ಟರೇ ಹೇಳುತ್ತಾರೆ. ಮರೆವಿನ ಕಾಯಿಲೆಯಲ್ಲಿ ಹೆಸರು, ಮುಖ, ದಾರಿ ಮರೆತ ಹಾಗೆ ಕೊನೆಗೆ ನುಂಗುವುದೂ ಮರೆತುಹೋಗುತ್ತದೆ. ಸಾವು ಹತ್ತಿರ ಬಂದ ದೇಹ ಊಟ ಕೇಳುವುದಿಲ್ಲ. ನಮಗೆ ಎರಡು ಹೊತ್ತು ತಪ್ಪಿದರೆ ಆಗುವ ಸಂಕಟ ಅವರಿಗೆ ಆಗುವುದಿಲ್ಲ.

ಪೈಪ್ ಹಾಕಿದರೆ ಆಯಸ್ಸು ಜಾಸ್ತಿ ಆಗುತ್ತಾ? ಈ ಹಂತದಲ್ಲಿ ಆಗಲ್ಲ. ಅಮೆರಿಕದ ವೃದ್ಧರ ವೈದ್ಯರ ಸಂಘ 2014ರಲ್ಲೇ ಹೇಳಿದೆ: ಮರೆವಿನ ಕಾಯಿಲೆ ತೀರಾ ಮುಂದುವರಿದವರಿಗೆ ಪೈಪ್ ಬೇಡ, ಕೈಯಲ್ಲಿ ನಿಧಾನವಾಗಿ ತಿನ್ನಿಸಿ. ಆಹಾರ ಶ್ವಾಸಕೋಶಕ್ಕೆ ಹೋಗುವುದನ್ನೂ ಪೈಪ್ ತಡೆಯುವುದಿಲ್ಲ. ಇನ್ನು ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಮೂಗಿನಲ್ಲಿ ಪೈಪ್ ಇದ್ದರೆ ಯಾರಿಗಾದರೂ ಕಿತ್ತು ಹಾಕಬೇಕು ಅನ್ನಿಸುತ್ತದೆ. ಅವ್ವನೂ ಕೀಳುತ್ತಾರೆ. ಮತ್ತೆ ಹಾಕುತ್ತಾರೆ, ಮತ್ತೆ ಕೀಳುತ್ತಾರೆ. ಮೂರನೇ ಸಲಕ್ಕೆ ಬ್ಯಾಂಡೇಜ್ ಬಟ್ಟೆಯಲ್ಲಿ ಎರಡೂ ಕೈಯನ್ನು ಮಂಚದ ಕಂಬಿಗೆ ಕಟ್ಟುತ್ತಾರೆ. ಜೀವಮಾನವೆಲ್ಲ ದುಡಿದ ಕೈ ಅದು. ನಿಮ್ಮ ಅಣ್ಣನಿಗೆ ಪೈಪಿನ ಜೊತೆಗೆ ಈ ಕಟ್ಟಿದ ಕೈಯ ಸುದ್ದಿಯನ್ನೂ ಯಾರಾದರೂ ಹೇಳಬೇಕು.

ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತಲ್ಲ. ಎಚ್ಚರ ಇದ್ದಾಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಇಷ್ಟವಾದದ್ದನ್ನು ಅರ್ಧ ಚಮಚ ಕೊಡಿ. ನುಂಗಿದರಾ ಅಂತ ನೋಡಿ ಮುಂದಿನದು. ಕೆಮ್ಮು ಬಂದರೆ ನಿಲ್ಲಿಸಿ. ಮುಖ ತಿರುಗಿಸಿದರೆ ಅದೇ ಅವರ ಉತ್ತರ, ಗಲ್ಲ ಹಿಡಿದು ತುರುಕಬೇಡಿ. ಏನೂ ಇಳಿಯದೆ ಇದ್ದಾಗಲೂ ಬಾಯಿ ಒಣಗಬಾರದು. ಎರಡು ಗಂಟೆಗೊಮ್ಮೆ ಒದ್ದೆ ಹತ್ತಿಬಟ್ಟೆಯಲ್ಲಿ ತುಟಿ, ನಾಲಿಗೆ, ವಸಡು ಒರೆಸಿ. ತುಟಿಗೆ ಸ್ವಲ್ಪ ತೆಂಗಿನೆಣ್ಣೆ ಸವರಿ. ನಾವು ಒಬ್ಬರು ಅಜ್ಜಿಗೆ ನೀರಿನ ಬದಲು ಬೆಲ್ಲದ ಕಾಪಿಯಲ್ಲಿ ಬಟ್ಟೆ ಅದ್ದಿ ತುಟಿಗೆ ಹಿಡಿಯುತ್ತಿದ್ದೆವು. ಬೆಳಗ್ಗೆ ಆರೂವರೆಗೆ, ಅವರು ಕಾಪಿ ಕುಡಿಯುತ್ತಿದ್ದ ಹೊತ್ತಿಗೇ. ಕಣ್ಣು ಬಿಡದಿದ್ದರೂ ತುಟಿ ಚೀಪುತ್ತಿತ್ತು.

ಕಾವೇರಿ ತೀರ್ಥದ ಬಗ್ಗೆಯೂ ಒಂದು ಮಾತು. ತುಲಾ ಸಂಕ್ರಮಣಕ್ಕೆ ತಂದಿಟ್ಟ ತೀರ್ಥ ಎಲ್ಲರ ಮನೆಯಲ್ಲೂ ಇರುತ್ತದೆ, ಕೊನೆಗಾಲಕ್ಕೆ ಬಾಯಿಗೆ ಬಿಡಬೇಕು ಅನ್ನುವ ಆಸೆಯೂ ಇರುತ್ತದೆ. ಬಿಡಿ, ಖಂಡಿತ ಬಿಡಿ. ಆದರೆ ನೆಂಟರೆಲ್ಲ ಸರದಿಯಲ್ಲಿ ನಿಂತು ಒಬ್ಬೊಬ್ಬರು ಒಂದೊಂದು ಚಮಚ ಸುರಿದರೆ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟುತ್ತದೆ. ತುಳಸಿ ಎಲೆಯಲ್ಲಿ ಒಂದು ಹನಿ ತುಟಿಗೆ ಸೋಕಿಸಿದರೆ ಸಾಕು.

ಅಣ್ಣನ ವಿಷಯ. ದೂರದಲ್ಲಿದ್ದವರು ಕೊನೆ ಗಳಿಗೆಯಲ್ಲಿ ಓಡಿಬಂದು ಎಲ್ಲ ಟ್ರೀಟ್‌ಮೆಂಟೂ ಆಗಲೇಬೇಕು ಅಂತ ಕೂಗಾಡುವುದಕ್ಕೆ ಅಮೆರಿಕದ ಡಾಕ್ಟರುಗಳು 'ಕ್ಯಾಲಿಫೋರ್ನಿಯಾ ಮಗಳು' ಅಂತ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಬೆಂಗಳೂರು ಮಗ. ನಗಬೇಡಿ, ಅವರ ಸಂಕಟ ಸುಳ್ಳಲ್ಲ. ಹತ್ತಿರ ಇರಲಿಲ್ಲವಲ್ಲ ಅನ್ನುವುದು ಒಳಗೆ ಕೊರೆಯುತ್ತಿರುತ್ತದೆ, ಜನ ಏನಂತಾರೋ ಅನ್ನುವ ಭಯ ಬೇರೆ. ಫೋನಿನಲ್ಲಿ ವಾದ ಮಾಡಬೇಡಿ. ಎರಡು ದಿನಕ್ಕೆ ಬಂದು ಅವ್ವನ ಹತ್ತಿರ ಕೂತುಕೋ, ಆಶ್ರಮಕ್ಕೆ ಬರುವ ಡಾಕ್ಟರ ಜೊತೆ ನೀನೇ ಮಾತಾಡು ಅನ್ನಿ. ಕೈಯಲ್ಲಿ ಒಂದು ಸಲ ಅವ್ವನ ಬಾಯಿ ಒರೆಸಿದ ಮೇಲೆ ಪೈಪಿನ ಮಾತು ಎತ್ತಿದ ಗಂಡುಮಕ್ಕಳು ಕಡಿಮೆ.

ನಮ್ಮ ಅಜ್ಜಿಯನ್ನು ಆಶ್ರಮದಲ್ಲಿ ನೋಡಿ ಬಂದಾಗಿನಿಂದ ನನಗೆ ನಿದ್ದೆ ಇಲ್ಲ. ಯಾವತ್ತೂ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಈಗ ಯಾರದ್ದೋ ನೈಟಿ ಹಾಕಿ ಮಲಗಿಸಿದ್ದಾರೆ, ತಲೆಕೂದಲು ಕತ್ತರಿಸಿದ್ದಾರೆ. ಕೇಳಿದರೆ 'ಹಾಸಿಗೆ ಹಿಡಿದವರಿಗೆ ಇದೇ ಸುಲಭ' ಅಂತಾರೆ. ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿದ್ದೇನಾ?
ಓದುಗರು, ನಾಪೋಕ್ಲು

ಇಲ್ಲ ಮಗಳೇ, ಸರಿಯಾದದ್ದಕ್ಕೇ ತಲೆ ಕೆಡಿಸಿಕೊಂಡಿದ್ದೀರಿ.

ಆಶ್ರಮದವರ ಮಾತಿನಲ್ಲಿ ಅರ್ಧ ನಿಜ ಇದೆ. ನಮ್ಮ ಕೊಡವ ಸೀರೆಯ ನೆರಿಗೆ ಬರುವುದು ಹಿಂದೆ. ಅಂಗಾತ ಮಲಗಿದವರಿಗೆ ಆ ನೆರಿಗೆಯ ಗಂಟು ಸೊಂಟದ ಕೆಳಗೆ ಒತ್ತಿ ಹಾಸಿಗೆ ಹುಣ್ಣು ಆಗುತ್ತದೆ. ಅದಕ್ಕೆ ಉಪಾಯ ನೈಟಿ ಒಂದೇ ಅಲ್ಲ. ಹಳೆಯ ರವಿಕೆಯನ್ನು ಬೆನ್ನಿನ ಕಡೆ ಮೇಲಿಂದ ಕೆಳಗೆ ಸೀಳಿ, ಪಕ್ಕಕ್ಕೆ ಬರುವ ಹಾಗೆ ಎರಡು ಲಾಡಿ ಹೊಲಿಸಿ. ಮುಂದಿನಿಂದ ತೋಳು ತೂರಿಸಿದರೆ ಆಯ್ತು, ಎಬ್ಬಿಸುವುದೇ ಬೇಡ. ಮೆತ್ತಗಿನ ಹಳೆಯ ಕಾಟನ್ ಸೀರೆಯನ್ನು ನೆರಿಗೆ ಇಲ್ಲದೆ ಎದೆಯಿಂದ ಪಾದದವರೆಗೆ ಹೊದೆಸಿ, ಸೆರಗಿನ ತುದಿಯನ್ನು ಎಡ ಕಂಕುಳ ಕೆಳಗಿಂದ ತಂದು ಬಲ ಹೆಗಲ ಮೇಲೆ ಇಡಿ. ಪಿನ್ ಬೇಡ, ಚುಚ್ಚುತ್ತದೆ, ಒಂದು ಹೊಲಿಗೆ ಹಾಕಿ. ನೋಡುವವರಿಗೆ ಸೀರೆ ಉಟ್ಟ ಹಾಗೇ ಕಾಣುತ್ತದೆ, ಡಯಪರ್ ಬದಲಾಯಿಸಲು ಎತ್ತಿದರೂ ಆಯಿತು.

ನಾನು ಕೆಲಸ ಮಾಡಿದ ಕಡೆ ಒಬ್ಬರು ಅಜ್ಜಿ ಯಾರು ರೂಮಿಗೆ ಬಂದರೂ ಹೊದಿಕೆ ಎಳೆದು ತಲೆ ಮೇಲೆ ಹಾಕಿಕೊಳ್ಳುತ್ತಿದ್ದರು. ಆಗ ಕಾಲು ಬರಿದಾಗುತ್ತಿತ್ತು. ಹುಡುಗಿಯರು ಕೆಳಗೆ ಎಳೆದು ಸರಿಮಾಡಿದರೆ ಮತ್ತೆ ಅದೇ. ರಿಪೋರ್ಟ್ ಬುಕ್ಕಿನಲ್ಲಿ 'ತುಂಬಾ ಗಲಾಟೆ, ನಿದ್ದೆ ಮಾತ್ರೆ ಕೇಳಬೇಕು' ಅಂತ ಬರೆದಾಗಿತ್ತು. ಅವರ ಸೊಸೆ ಒಂದು ದಿನ ಬಂದವರು ನೋಡಿ, 'ಅಯ್ಯೋ, ಅವರಿಗೆ ತಲೆಗೆ ವಸ್ತ್ರ ಬೇಕು' ಅಂದರು. ಮದುವೆಯಾದಾಗಿನಿಂದ ಬೇರೆಯವರ ಎದುರು ಬರಿ ತಲೆಯಲ್ಲಿ ಕೂತವರೇ ಅಲ್ಲ. ಒಂದು ಮೆತ್ತಗಿನ ವಸ್ತ್ರ ತಂದು ಕಟ್ಟಿದೆವು. ಹೊದಿಕೆ ಇದ್ದಲ್ಲೇ ಉಳಿಯಿತು. ಮಾತ್ರೆ ಬೇಕಾಗಲಿಲ್ಲ.

ಆದ್ದರಿಂದ ಜಗಳಕ್ಕೆ ಹೋಗುವ ಮೊದಲು ಒಂದು ಹಾಳೆ ಬರೆದು ಮಂಚದ ಹತ್ತಿರ ಅಂಟಿಸಿ. ಅಜ್ಜಿಯನ್ನು ಏನಂತ ಕರೆಯಬೇಕು, ಯಾವ ಭಾಷೆ ಅರ್ಥವಾಗುತ್ತದೆ, ತಲೆಗೆ ವಸ್ತ್ರ ಬೇಕು, ಸ್ನಾನ ಬೆಳಗ್ಗೆಯೋ ಸಂಜೆಯೋ, ಗಂಡಸರು ಮೈ ಒರೆಸುವುದು ಬೇಡ. ಈಗ ಆರೈಕೆಗೆ ಬರುವ ಹುಡುಗಿಯರಲ್ಲಿ ಎಷ್ಟೋ ಮಂದಿ ಹೊರ ರಾಜ್ಯದವರು. ಮರೆವು ಜಾಸ್ತಿ ಆದ ಹಾಗೆ ಹಿರಿಯರು ಚಿಕ್ಕಂದಿನ ಭಾಷೆಗೇ ಹೋಗುತ್ತಾರೆ. ನೀರು, ನೋವು, ಚಳಿ, ಕಕ್ಕಸು, ಈ ನಾಲ್ಕಕ್ಕೆ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಏನನ್ನುತ್ತಾರೆ ಅಂತ ಆ ಹುಡುಗಿಗೆ ಹೇಳಿಕೊಡಿ. ಕೂದಲಿನ ವಿಷಯ ಮಾತ್ರ ನಾನು ಬಿಡುವುದಿಲ್ಲ. ಮನೆಯವರನ್ನೂ ಅವರನ್ನೂ ಕೇಳದೆ ಕತ್ತರಿ ಹಾಕಿದ್ದು ತಪ್ಪು. ಮ್ಯಾನೇಜರಿಗೆ ಬರವಣಿಗೆಯಲ್ಲೇ ಕೊಡಿ.

ನನಗೆ 79. ಸೈನ್ಯದಲ್ಲಿದ್ದು ರಿಟೈರ್ ಆದವನು, ಈಗ ಮಡಿಕೇರಿ ಹತ್ತಿರದ ಆಶ್ರಮವೊಂದರಲ್ಲಿ ಇದ್ದೇನೆ. ಹೃದಯ ಅರ್ಧ ಕೆಲಸ ಮಾಡುತ್ತಿದೆ. ಐಸಿಯು, ವೆಂಟಿಲೇಟರ್ ಬೇಡ ಅಂತ ಮಕ್ಕಳಿಗೆ ಹೇಳಲು ಹೋದರೆ 'ಸುಮ್ನಿರಿ ಅಪ್ಪ, ಅಪಶಕುನ ಮಾತಾಡಬೇಡಿ' ಅಂತಾರೆ. ಕಾನೂನಿನಲ್ಲಿ ಏನಾದರೂ ದಾರಿ ಇದೆಯೇ?
ಓದುಗರು, ಮಡಿಕೇರಿ

ಇದೆ ಸರ್. ಆರ್ಡರ್ ಬರವಣಿಗೆಯಲ್ಲಿ ಇರಬೇಕು ಅಂತ ಸೈನ್ಯದವರಿಗೆ ನಾನು ಹೇಳಿಕೊಡಬೇಕಾ?

ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು, ಗೌರವದಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ತೀರ್ಪು ಕೊಟ್ಟಿತು. ಬುದ್ಧಿ ಸರಿ ಇರುವ ವಯಸ್ಕರು ಯಾರೇ ಆಗಲಿ, ವಾಸಿಯಾಗುವ ಆಸೆ ಇಲ್ಲದ ಸ್ಥಿತಿ ಬಂದಾಗ ಯಾವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡಬಹುದು. ಲಿವಿಂಗ್ ವಿಲ್ ಅನ್ನುತ್ತಾರೆ. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಯಾರೂ ಅಷ್ಟು ದೂರ ಹೋಗುತ್ತಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಇಷ್ಟಿದ್ದರೆ ಸಾಕು. ಸಾಕ್ಷಿಗಳು ಆಸ್ತಿ ಪಾಲಿಗೆ ಸಂಬಂಧವಿಲ್ಲದವರಾದರೆ ಒಳ್ಳೆಯದು. ನಿಮಗೆ ಮಾತು ಹೋದಾಗ ನಿಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರು ಬರೆಯಬೇಕು, ಒಬ್ಬರಿಗಿಂತ ಜಾಸ್ತಿ ಹೆಸರು ಹಾಕಬಹುದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದುಕೊಟ್ಟು ರದ್ದು ಮಾಡಬಹುದು.

ಕಾಗದ ಇದ್ದ ಮಾತ್ರಕ್ಕೆ ಯಾರೂ ಬಂದು ಪ್ಲಗ್ ಕಿತ್ತು ಹೋಗುವುದಿಲ್ಲ. ಆಸ್ಪತ್ರೆಯಲ್ಲಿ ಮೊದಲು ನಿಮ್ಮ ಡಾಕ್ಟರ ಜೊತೆ ಕನಿಷ್ಠ ಐದು ವರ್ಷ ಅನುಭವ ಇರುವ ಇಬ್ಬರು ತಜ್ಞರು ಕೂತು ನೋಡಬೇಕು. ಇದು ಮೊದಲ ಮಂಡಳಿ. ಆಮೇಲೆ ಎರಡನೇ ಮಂಡಳಿ. ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ಡಾಕ್ಟರು ಇರಬೇಕು. ಎರಡೂ ಮಂಡಳಿ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಜಾರಿಗೆ ತರುವ ಮುಂಚೆ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಬೇರೆ, ಅದು ಇವತ್ತಿಗೂ ಅಪರಾಧ.

ಈ ವಿಷಯ ಕೋರ್ಟಿನಲ್ಲಿ ದೊಡ್ಡದಾಗಿ ಎದ್ದದ್ದು ನಮ್ಮದೇ ರಾಜ್ಯದ ಒಬ್ಬ ನರ್ಸಿನಿಂದ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ. 1973ರ ನವೆಂಬರಿನಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಅವರ ಮೇಲೆ ಹಲ್ಲೆ ಆಯಿತು, 2015ರ ಮೇ ತಿಂಗಳಲ್ಲಿ ತೀರಿಕೊಂಡರು. ಅಷ್ಟೂ ಕಾಲ ಹಾಸಿಗೆಯಲ್ಲಿ. ಅವರಿಗೆ ದಯಾಮರಣ ಕೊಡಿ ಅನ್ನುವ ಅರ್ಜಿ ಕೋರ್ಟಿಗೆ ಬಂದಾಗ, ಬೇಡ, ನಾವು ನೋಡಿಕೊಳ್ಳುತ್ತೇವೆ ಅಂತ ಆ ಆಸ್ಪತ್ರೆಯ ನರ್ಸುಗಳು ನಿಂತರು, ನೋಡಿಕೊಂಡರು ಕೂಡ. ಆ ನರ್ಸುಗಳ ಬಗ್ಗೆ ನನಗೆ ಬಹಳ ಹೆಮ್ಮೆ. ಆದರೆ ಅರುಣಾ ಅವರಿಗೆ ಏನು ಬೇಕಿತ್ತು ಅಂತ ಹೇಳಲು ಅವರ ಬಾಯಲ್ಲಿ ಮಾತಿರಲಿಲ್ಲ. ನಿಮಗೆ ಇದೆ.

ಬರೆಯುವಾಗ ವೆಂಟಿಲೇಟರ್ ಬೇಡ ಅನ್ನುವುದಷ್ಟನ್ನೇ ಬರೆಯಬೇಡಿ. ಬೇಕು ಅನ್ನುವುದನ್ನೂ ಇನ್ನೊಂದು ಹಾಳೆಯಲ್ಲಿ ಬರೆಯಿರಿ. ನೋವಿಗೆ ಔಷಧಿ ಬೇಕು. ಆಶ್ರಮದಲ್ಲೇ ಇರಬೇಕೋ, ಮನೆಗೆ ಕರೆದೊಯ್ಯಬೇಕೋ? ದಿನಾ ಶೇವ್ ಆಗಬೇಕಾ, ಮೀಸೆ ಯಾರು ಕತ್ತರಿಸಬೇಕು? ಒಂದು ಪ್ರತಿ ಆಶ್ರಮದ ಫೈಲಿನಲ್ಲಿ, ಒಂದು ಡಾಕ್ಟರ ಹತ್ತಿರ, ಒಂದು ಮಕ್ಕಳಿಗೆ, ಇನ್ನೊಂದು ಸ್ಥಳೀಯ ಸಂಸ್ಥೆಯಲ್ಲಿ ಇದಕ್ಕೆ ನೇಮಿಸಿದ ಅಧಿಕಾರಿಗೆ. ಮಕ್ಕಳು ಸುಮ್ನಿರಿ ಅಂದರೆ, 'ನಾನು ಸುಮ್ಮನಿದ್ದರೆ ಆ ದಿನ ನೀವು ನೀವೇ ಜಗಳ ಆಡ್ತೀರಿ' ಅನ್ನಿ. ಪುತ್ತರಿ ಹಬ್ಬಕ್ಕೆ ಎಲ್ಲ ಸೇರಿದಾಗ ಹೇಳಿ, ಊಟ ಆದ ಮೇಲೆ. ಊಟಕ್ಕೆ ಮುಂಚೆ ಬೇಡ.

ನಾನು ಆಶ್ರಮವೊಂದರಲ್ಲಿ ಆರೈಕೆ ಕೆಲಸ ಮಾಡುತ್ತೇನೆ. ಕೊನೆ ಹೊತ್ತಿಗೆ ಗಂಟಲಲ್ಲಿ ಗೊರಗೊರ ಅಂತ ಸದ್ದು ಬರುತ್ತದೆ, ಏನು ಮಾಡಬೇಕೋ ಗೊತ್ತಾಗಲ್ಲ. ಪಕ್ಕದ ಹಾಸಿಗೆಯವರು ಹೆದರುತ್ತಾರೆ. ತೀರಿಕೊಂಡರೆ ರಾತ್ರೋರಾತ್ರಿ ಹಿಂಬಾಗಿಲಿನಿಂದ ಸಾಗಿಸುತ್ತೇವೆ. ಬೆಳಗ್ಗೆ ಕೇಳಿದವರಿಗೆ 'ಮನೆಗೆ ಹೋದರು' ಅಂತ ಹೇಳಬೇಕು. ನನಗೆ ಒಂಥರಾ ಆಗುತ್ತದೆ.
ಓದುಗರು, ಸಿದ್ದಾಪುರ

ನಿಮ್ಮಂಥವರು ಆ ಕೆಲಸದಲ್ಲಿ ಇದ್ದೀರಲ್ಲ, ಸಂತೋಷ.

ಆ ಸದ್ದು ಗಂಟಲಲ್ಲಿ ನಿಂತ ಜೊಲ್ಲಿನದು. ನುಂಗುವ, ಕೆಮ್ಮುವ ಶಕ್ತಿ ಇರುವುದಿಲ್ಲ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಅವರಿಗೆ ಎಚ್ಚರ ಇರುವುದಿಲ್ಲ, ಸಂಕಟ ಕೇಳುವ ನಮಗೇ ಜಾಸ್ತಿ. ಒಂದು ಪಕ್ಕಕ್ಕೆ ತಿರುಗಿಸಿ, ತಲೆಯನ್ನು ಸ್ವಲ್ಪ ಎತ್ತರಕ್ಕೆ ಇಡಿ, ಜೊಲ್ಲು ಹೊರಗೆ ಹರಿಯಲಿ, ಒರೆಸಿ. ಪೈಪ್ ತೂರಿಸಿ ಎಳೆಯುವುದರಿಂದ ಹಿಂಸೆಯೇ ಜಾಸ್ತಿ. ಸದ್ದು ಕಡಿಮೆ ಮಾಡುವ ಇಂಜೆಕ್ಷನ್ ಇದೆ, ಡಾಕ್ಟರನ್ನು ಕೇಳಿ. ಡ್ರಿಪ್ ಓಡುತ್ತಿದ್ದರೆ ಬೇಕೇ ಅಂತಲೂ ಕೇಳಿ, ಈ ಹೊತ್ತಿನಲ್ಲಿ ಆ ನೀರು ಕೈಕಾಲಿನ ಊತಕ್ಕೂ ಗಂಟಲ ಸದ್ದಿಗೂ ಸೇರುತ್ತದೆ. ಉಸಿರು ಜೋರಾಗಿ ಬಂದು ನಡುವೆ ನಿಂತು ಮತ್ತೆ ಶುರುವಾಗುವುದು, ಮಂಡಿ ಪಾದ ತಣ್ಣಗಾಗಿ ನೀಲಿ ಬೀಳುವುದು ಸಹಜ. ಮನೆಯವರಿಗೆ ಮುಂಚೆಯೇ ಹೇಳಿದರೆ ಅವರು ಆಂಬ್ಯುಲೆನ್ಸಿಗೆ ಓಡುವುದಿಲ್ಲ. ಉಸಿರು ಸಿಗದೆ ಚಡಪಡಿಸುವವರಿಗೆ ಮುಖಕ್ಕೆ ಮೆಲ್ಲಗೆ ಬೀಸಣಿಗೆಯಲ್ಲಿ ಗಾಳಿ ಹಾಕಿ. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಫ್ಯಾನ್ ಮಾತ್ರ ಅಲ್ಲ, ಏರ್ ಬೆಡ್ಡಿನ ಪಂಪೂ ನಿಲ್ಲುತ್ತದೆ. ಗಾಳಿ ಇಳಿದು ಮೈ ಹಲಗೆಗೆ ತಾಗುವುದು ರಾತ್ರಿ ಪಾಳಿಯವರಿಗೆ ಗೊತ್ತೇ ಆಗಲ್ಲ. ಕರೆಂಟ್ ಹೋದ ತಕ್ಷಣ ಕೈ ಹಾಕಿ ನೋಡಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ತಪ್ಪಿಸಬೇಡಿ, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡಿ. ಕೇಳಿಸುತ್ತದೆ ಅಂದುಕೊಂಡೇ ಮಾತಾಡಿ. ಮಂಚದ ಪಕ್ಕ ನಿಂತು ಗಾಡಿಗೆ ಎಷ್ಟು ಬಾಡಿಗೆ ಅಂತ ಚರ್ಚೆ ಬೇಡ.

ತೀರಿಕೊಂಡ ಮೇಲೆ ಹಲ್ಲಿನ ಸೆಟ್ ಹಾಕಬೇಕಿದ್ದರೆ ಬೇಗ ಹಾಕಿ, ದವಡೆ ಬಿಗಿದ ಮೇಲೆ ಆಗುವುದಿಲ್ಲ. ಪರದೆ ಎಳೆದು, ಬೆಚ್ಚಗಿನ ನೀರಿನಲ್ಲಿ ಮೈ ಒರೆಸಿ, ಅವರದೇ ಬಟ್ಟೆ ಹಾಕಿ.

ಹಿಂಬಾಗಿಲಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಸಾವಾದರೆ ಗುಂಡು ಹಾರಿಸಿ ಊರಿಗೆಲ್ಲ ತಿಳಿಸುವ ನಾಡು ನಮ್ಮದು. ಆಶ್ರಮದಲ್ಲಿ ಮಾತ್ರ ಪಕ್ಕದ ಹಾಸಿಗೆಯವರಿಂದ ಮುಚ್ಚಿಡುತ್ತೇವೆ! ಅವರಿಗೆ ಗೊತ್ತಾಗಲ್ಲ ಅಂದುಕೊಂಡಿದ್ದೀರಾ? ಗೊತ್ತಾಗುತ್ತದೆ, ನನ್ನನ್ನೂ ಹೀಗೇ ಸಾಗಿಸುತ್ತಾರೆ ಅಂತಲೂ ಗೊತ್ತಾಗುತ್ತದೆ. ಮ್ಯಾನೇಜರನ್ನು ಒಪ್ಪಿಸಿ. ಹಾಲ್‌ನಲ್ಲಿ ಒಂದು ದೀಪ ಹಚ್ಚಿ, ನೋಡಬೇಕು ಅನ್ನುವವರಿಗೆ ಐದು ನಿಮಿಷ ಕೊಟ್ಟು, ಮುಂಬಾಗಿಲಿನಿಂದಲೇ ಕಳಿಸಿ. ಬೇಡ ಅನ್ನುವವರನ್ನು ಬಲವಂತ ಮಾಡಬೇಡಿ.

ಅಪ್ಪನಿಗೆ ಕ್ಯಾನ್ಸರ್. ಡಾಕ್ಟರ್ ಮಾರ್ಫಿನ್ ಬರೆದಿದ್ದಾರೆ. ಅದು ಚಟ ಹಿಡಿಸುತ್ತದೆ, ಬೇಗ ಸಾಯಿಸುತ್ತದೆ ಅಂತ ನೆಂಟರು ಹೆದರಿಸುತ್ತಿದ್ದಾರೆ.
ಓದುಗರು, ಸೋಮವಾರಪೇಟೆ

ನೆಂಟರಿಗೆ ನೋವಿಲ್ಲವಲ್ಲ, ಹೆದರಿಸಲಿ. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ಮಾರ್ಫಿನ್ ಆಯಸ್ಸು ಕಡಿಮೆ ಮಾಡುವುದಿಲ್ಲ. ಕ್ಯಾನ್ಸರ್ ನೋವಿಗೆ ಕೊಟ್ಟಾಗ ಚಟದ ಭಯವೂ ಬೇಡ. ಸಾದಾ ಮಾತ್ರೆ ನಾಲ್ಕು ಗಂಟೆಗೊಂದು ಅಂತ ಬರೆದಿದ್ದರೆ ನೋವು ಬರಲಿ ಅಂತ ಕಾಯಬೇಡಿ, ಗಡಿಯಾರ ನೋಡಿ ಕೊಡಿ. ಮಲಬದ್ಧತೆ ಆಗಿಯೇ ಆಗುತ್ತದೆ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಬರೆಸಿಕೊಳ್ಳಿ. ಶುರುವಿನಲ್ಲಿ ಮಂಪರು, ವಾಕರಿಕೆ ಇರಬಹುದು. ತುಂಬಾ ಮಂಪರಾದರೆ ಡಾಕ್ಟರಿಗೆ ಫೋನ್ ಮಾಡಿ. ನೀವೇ ನಿಲ್ಲಿಸಬೇಡಿ. ಎಲ್ಲ ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆ ತಿದ್ದಿದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳುವುದು ಸುಲಭವಾಗಿದೆ. ಮುಗಿಯುವ ವಾರ ಮುಂಚೆಯೇ ತರಿಸಿ, ಮಳೆಗಾಲದಲ್ಲಿ ಇನ್ನೂ ಮುಂಚೆ. ಕುಟ್ಟ ದಾಟಿದರೆ ವಯನಾಡು. ಕೇರಳದಲ್ಲಿ ಮನೆಬಾಗಿಲಿಗೆ ಬಂದು ನೋವು ನೋಡಿಕೊಳ್ಳುವ ನರ್ಸುಗಳಿದ್ದಾರೆ, 2008ರಿಂದ ಸರ್ಕಾರದ ನೀತಿಯೇ ಇದೆ. ನಮ್ಮ ಕಡೆಯೂ ಹಾಗೆ ಮನೆಮನೆಗೆ ಬರುವ ನರ್ಸುಗಳು ಯಾವಾಗ ಸಿಗುತ್ತಾರೋ ಅಂತ ನಾನೂ ಕಾಯುತ್ತಿದ್ದೇನೆ.

ಆಶ್ರಮದಲ್ಲೇ ತೀರಿಕೊಂಡರೆ ಡೆತ್ ಸರ್ಟಿಫಿಕೇಟಿಗೆ ತೊಂದರೆ ಆಗುತ್ತದಾ? ಪೊಲೀಸ್ ಬರುತ್ತಾರಾ? ಈ ಭಯಕ್ಕೇ ಕೊನೆ ಗಳಿಗೆಯಲ್ಲಿ ಆಸ್ಪತ್ರೆಗೆ ಸಾಗಿಸುತ್ತಾರಂತೆ.
ಓದುಗರು, ವಿರಾಜಪೇಟೆ

ಗೊತ್ತಿರುವ ಕಾಯಿಲೆಯಿಂದ ಆದ ಸಹಜ ಸಾವಿಗೆ ಪೊಲೀಸ್ ಬೇಕಿಲ್ಲ. ಕೊನೆಯ ಕಾಯಿಲೆಯಲ್ಲಿ ನೋಡುತ್ತಿದ್ದ ಡಾಕ್ಟರು ಸಾವಿನ ಕಾರಣವನ್ನು ನಮೂನೆ 4ಎ ರಲ್ಲಿ ಬರೆದುಕೊಡಬೇಕು. ಆಶ್ರಮದ ಉಸ್ತುವಾರಿಯವರು 21 ದಿನದೊಳಗೆ ನೋಂದಣಿಗೆ ತಿಳಿಸಬೇಕು. ಬಿದ್ದು ಪೆಟ್ಟಾಗಿ ಸತ್ತರೆ, ಅಥವಾ ಏನಾದರೂ ಅನುಮಾನ ಇದ್ದರೆ ಮಾತ್ರ ಪೊಲೀಸರಿಗೆ ಹೇಳಬೇಕು. ಆದ್ದರಿಂದ ಸೇರಿಸುವಾಗಲೇ ಕೇಳಿ: ಇಲ್ಲಿಗೆ ಬರುವ ಡಾಕ್ಟರು ಯಾರು, ರಾತ್ರಿ ಎರಡು ಗಂಟೆಗೆ ಕರೆದರೆ ಬರುತ್ತಾರಾ, ಬೆಳಗ್ಗೆಯಾದರೂ ಬಂದು ಸಹಿ ಹಾಕುತ್ತಾರಾ. ಡಾಕ್ಟರು ತಿಂಗಳಿಗೆ ಒಮ್ಮೆಯೂ ಮುಖ ನೋಡಿರದ ಕಡೆಯೇ ಆ ಕೊನೆ ಗಳಿಗೆಯ ಆಂಬ್ಯುಲೆನ್ಸ್ ಓಡುವುದು.